ವಿದೇಶ ಸಂಬಂಧದ ದತ್ತು ಸ್ವೀಕಾರ: ಯಾವ ಅರ್ಜಿ ಯಾವ ಕಚೇರಿಗೆ?

ಓದು ಮತ್ತು ಉದ್ಯೋಗದ ನಿಮಿತ್ತ ಹೊರದೇಶಗಳಲ್ಲಿ ನೆಲೆಸಿದವರು ಇಂದು ನಗರದ ಮನೆತನಗಳಲ್ಲಿ ಮಾತ್ರವಲ್ಲ, ಜಿಲ್ಲೆಯ ಗ್ರಾಮಗಳ ಮನೆತನಗಳಲ್ಲಿಯೂ ಇದ್ದಾರೆ. ಅವರ ಮದುವೆ, ಆಸ್ತಿ ಹಾಗೂ ವಾರಸಾ ಸಂಬಂಧದ ಕಾಗದಪತ್ರಗಳು ಗ್ರಾಮ ಪಂಚಾಯಿತಿಯವರೆಗೆ ಬರುವಂತೆ, ದತ್ತು ಸ್ವೀಕಾರದ ವಿಷಯವೂ ಬರುತ್ತದೆ. ಆದರೆ ಆಸ್ತಿಯ ಕಾಗದದಲ್ಲಿ ಆದ ತಪ್ಪನ್ನು ಮುಂದೆ ತಿದ್ದಿಕೊಳ್ಳಬಹುದು. ದತ್ತಿನಲ್ಲಿ ಆದ ತಪ್ಪು ಒಂದು ಮಗುವಿನ ಬಾಲ್ಯವನ್ನೇ ನುಂಗಬಲ್ಲದು. ಆದುದರಿಂದ ಈ ವಿಷಯದಲ್ಲಿ ಸರಿಯಾದ ಪ್ರಾಧಿಕಾರ ಯಾವುದು ಎಂಬುದನ್ನು ಪಂಚಾಯಿತಿಯ ಅಧಿಕಾರಿಗಳು, ಸದಸ್ಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಅರಿತಿರುವುದು ಅವಶ್ಯಕ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯ ಒಂದು ಒಕ್ಕಲುತನದ ಮನೆ. ಅಣ್ಣನು ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾನೆ, ಅವನಿಗೆ ಮಕ್ಕಳಿಲ್ಲ. ಊರಿನಲ್ಲಿರುವ ತಮ್ಮನಿಗೆ ಮೂವರು ಹೆಣ್ಣುಮಕ್ಕಳು. ಕಿರಿಯ ಮಗಳನ್ನು ಅಣ್ಣನಿಗೆ ಕೊಡುವುದೆಂದು ಹಿರಿಯರು ಕೂಡಿ ನಿಶ್ಚಯಿಸುತ್ತಾರೆ. 100 ರೂಪಾಯಿಯ ಛಾಪಾ ಕಾಗದದ ಮೇಲೆ ಒಪ್ಪಿಗೆ ಬರೆದು, ಐವರ ಸಹಿ ಹಾಕಿಸಿ, ಪಂಚಾಯಿತಿಯ ಮೊಹರಿಗಾಗಿ ತರುತ್ತಾರೆ. ಎಲ್ಲರ ಮನಸ್ಸೂ ಒಳ್ಳೆಯದೇ. ಆದರೆ ಆ ಕಾಗದದ ಆಧಾರದ ಮೇಲೆ ಮಗುವಿಗೆ ಹೊಸ ತಂದೆತಾಯಿಯ ಹೆಸರಿನ ಜನನ ಪ್ರಮಾಣಪತ್ರ ದೊರೆಯದು. ಆ ದೇಶದಲ್ಲಿ ನೆಲೆಸಲು ಬೇಕಾದ ವೀಸಾವೂ ದೊರೆಯದು. ಅಣ್ಣ ಮರಳಿ ಹೋಗುತ್ತಾನೆ. ಮಗು ಮಾತ್ರ ಎರಡು ಮನೆಗಳ ನಡುವೆ, ಎರಡರಲ್ಲಿಯೂ ಪೂರ್ಣವಾಗಿ ಸಲ್ಲದೆ, ಉಳಿಯುತ್ತದೆ.

ಇಂತಹ ಸಂದರ್ಭದಲ್ಲಿ ಸರಿಯಾದ ಬಾಗಿಲು ಯಾವುದೆಂದು ತಿಳಿಯಲು ಮೂರು ಪ್ರಶ್ನೆಗಳು ಸಾಕು. ಮಗು ಈಗ ಎಲ್ಲಿದೆ? ಆ ಮಗುವಿಗೆ ಕಾನೂನಿನ ದೃಷ್ಟಿಯಲ್ಲಿ ಯಾರಿದ್ದಾರೆ? ದತ್ತು ಬಯಸುವವರು ಸಾಮಾನ್ಯವಾಗಿ ಯಾವ ದೇಶದಲ್ಲಿ ವಾಸಿಸುತ್ತಾರೆ? ಈ ಮೂರಕ್ಕೆ ಉತ್ತರ ದೊರೆತರೆ ಕಚೇರಿಯೂ ನಿಶ್ಚಯವಾಗುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆ?

ಒಂದು ಕಾಲದಲ್ಲಿ ವಿದೇಶಿಯರು ಭಾರತದ ಮಗುವನ್ನು ದತ್ತು ಪಡೆಯಲು ಪ್ರತ್ಯೇಕ ಕಾನೂನು ಇರಲಿಲ್ಲ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ ಅಡಿಯಲ್ಲಿ ನ್ಯಾಯಾಲಯದಿಂದ ಪೋಷಕತ್ವದ ಆದೇಶ ಪಡೆದು ಮಗುವನ್ನು ಹೊರದೇಶಕ್ಕೆ ಒಯ್ಯಲಾಗುತ್ತಿತ್ತು. ಹೀಗೆ ಹೋದ ಮಕ್ಕಳ ಪೈಕಿ ಕೆಲವರು ದೂರದ ಪ್ರಯಾಣದಲ್ಲಿಯೂ ಆ ಬಳಿಕವೂ ದುರ್ಗತಿಗೆ ಈಡಾಗುತ್ತಿದ್ದಾರೆ ಎಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿದ ನ್ಯಾಯಾಲಯವು 1984ರ ಫೆಬ್ರವರಿಯಲ್ಲಿ ವಿಸ್ತೃತ ನಿರ್ದೇಶನಗಳನ್ನು ನೀಡಿತು. ಆ ನಿರ್ದೇಶನಗಳ ಫಲವಾಗಿ 1990ರಲ್ಲಿ ಇಂದು 'ಕಾರಾ' ಎಂದು ಕರೆಯಲ್ಪಡುವ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಮೂಲ ಸಂಸ್ಥೆಯು ಸ್ಥಾಪನೆಯಾಯಿತು.

1993ರಲ್ಲಿ ಹೇಗ್ ನಗರದಲ್ಲಿ ಅಂತರದೇಶೀಯ ದತ್ತು ಕುರಿತ ಒಡಂಬಡಿಕೆ ರೂಪುಗೊಂಡಿತು. ಭಾರತವು 2003ರಲ್ಲಿ ಅದನ್ನು ಅನುಮೋದಿಸಿತು. ಒಡಂಬಡಿಕೆಯ ಪ್ರಕಾರ ಪ್ರತಿಯೊಂದು ದೇಶವೂ ಒಂದು ಕೇಂದ್ರ ಪ್ರಾಧಿಕಾರವನ್ನು ಹೊಂದಿರತಕ್ಕದ್ದು. ಮಗು ಗಡಿ ದಾಟುವ ಮೊದಲೇ ಎರಡೂ ದೇಶಗಳ ಪ್ರಾಧಿಕಾರಗಳು ಒಪ್ಪತಕ್ಕದ್ದು. ಭಾರತದಲ್ಲಿ ಈ ಸ್ಥಾನ 'ಕಾರಾ'ದ್ದು. 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯು ಅದಕ್ಕೆ ಶಾಸನಬದ್ಧ ಅಧಿಕಾರ ನೀಡಿದೆ. ಎಲ್ಲ ಅಂತರದೇಶೀಯ ದತ್ತುಗಳೂ ಈ ಕಾಯ್ದೆಯ ಅಡಿಯಲ್ಲಿಯೇ ನಡೆಯತಕ್ಕದ್ದೆಂದು ಇದೇ ಕಾಯ್ದೆಯ 56ನೆಯ ಪ್ರಕರಣವು ವಿಧಿಸುತ್ತದೆ.

ಪ್ರಾಧಿಕಾರಗಳು ಮತ್ತು ಅವುಗಳ ಕೆಲಸ

ಜಿಲ್ಲೆಯ ಮಟ್ಟದಲ್ಲಿ ನಾಲ್ಕು ಸ್ಥಾನಗಳಿವೆ. ಮೊದಲನೆಯದು ಮಕ್ಕಳ ಕಲ್ಯಾಣ ಸಮಿತಿ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರನ್ನು ಒಳಗೊಂಡ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಅನಾಥ, ಪರಿತ್ಯಕ್ತ ಅಥವಾ ಹೆತ್ತವರೇ ಒಪ್ಪಿಸಿದ ಮಗು ದತ್ತು ನೀಡಿಕೆಗೆ ಕಾನೂನುಬದ್ಧವಾಗಿ ಮುಕ್ತವಾಗಿದೆ ಎಂದು ಘೋಷಿಸುವ ಅಧಿಕಾರ ಈ ಸಮಿತಿಗೆ ಮಾತ್ರ ಸೇರಿದೆ. ಎರಡನೆಯದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ; ಮಾಹಿತಿ ನೀಡುವುದು, ಕುಟುಂಬದ ಹಿನ್ನೆಲೆ ಪರಿಶೀಲಿಸುವುದು, ವರದಿ ಸಲ್ಲಿಸುವುದು ಇದರ ಕೆಲಸ. ಮೂರನೆಯದು ಸರ್ಕಾರದ ಮಾನ್ಯತೆ ಪಡೆದ ವಿಶೇಷ ದತ್ತು ಸಂಸ್ಥೆ; ಮಗುವಿನ ಪಾಲನೆ ಮತ್ತು ದತ್ತು ಬಯಸುವವರ ಗೃಹ ಅಧ್ಯಯನ ಇದರ ಹೊಣೆ. ನಾಲ್ಕನೆಯವರು ಜಿಲ್ಲಾ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಗಳು. 2021ರ ತಿದ್ದುಪಡಿಯು 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಬಳಿಕ ಈ ಕಾಯ್ದೆಯ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾ ಮ್ಯಾಜಿಸ್ಟ್ರೇಟರು ನೀಡುತ್ತಾರೆ. ಹಳೆಯ ಕ್ರಮವನ್ನೇ ನಂಬಿ ನ್ಯಾಯಾಲಯಕ್ಕೆ ಅಲೆಯುವವರಿಗೆ ಈ ಬದಲಾವಣೆಯನ್ನು ತಿಳಿಸಬೇಕು.

ರಾಜ್ಯ ಮಟ್ಟದಲ್ಲಿ ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆಯು ಮೇಲ್ವಿಚಾರಣೆ ನಡೆಸುತ್ತದೆ. ಎಲ್ಲಕ್ಕೂ ಮೇಲೆ ದೆಹಲಿಯಲ್ಲಿ 'ಕಾರಾ' ಇದ್ದು, ದತ್ತು ಬಯಸುವವರ ನೋಂದಣಿಯು ಅದರ ಜಾಲತಾಣದ ಮೂಲಕವೇ ನಡೆಯುತ್ತದೆ. ಗ್ರಾಮ ಪಂಚಾಯಿತಿ, ನೋಟರಿ, ಆಸ್ಪತ್ರೆ, ಮಠ, ಮಸೀದಿ, ಚರ್ಚ್ ಅಥವಾ ಸ್ವಯಂಸೇವಾ ಸಂಸ್ಥೆ, ಇವುಗಳಲ್ಲಿ ಯಾವುದಕ್ಕೂ ದತ್ತು ಆದೇಶ ನೀಡುವ ಅಧಿಕಾರವಿಲ್ಲ. ಪಂಚಾಯಿತಿಯ ಠರಾವಿನಿಂದ ರಸ್ತೆ, ಚರಂಡಿ, ನೀರಿನ ಕೆಲಸಗಳು ಆಗುತ್ತವೆ. ಮಗುವಿನ ತಂದೆತಾಯಿ ಬದಲಾಗುವುದಿಲ್ಲ.

ಒಂದನೆಯ ಸಂದರ್ಭ: ಬಂಧುವಿನ ಮಗು, ವಿದೇಶದಲ್ಲಿರುವ ದತ್ತುಪೋಷಕರು

ಮೇಲಿನ ಉದಾಹರಣೆಯ ಅಣ್ಣನದು ಇದೇ ವರ್ಗ. ಇದನ್ನು ಅಂತರದೇಶೀಯ ಬಂಧು ದತ್ತು ಎನ್ನುತ್ತಾರೆ. ಕಾಯ್ದೆಯ 60ನೆಯ ಪ್ರಕರಣ ಇದಕ್ಕೆ ಅನ್ವಯಿಸುತ್ತದೆ. ಇಲ್ಲಿ ಮೊದಲು ನೋಡಬೇಕಾದುದು 'ಬಂಧು' ಎಂಬ ಪದದ ಅರ್ಥ. ಊರಿನ ಮಾತಿನಲ್ಲಿ ದಾಯಾದಿಗಳೂ ಬೀಗರೂ ಬಂಧುಗಳೇ. ಕಾಯ್ದೆಯ ಅರ್ಥ ಅಷ್ಟು ವಿಶಾಲವಾದುದಲ್ಲ. ಮಗುವಿನ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ, ಹಾಗೂ ತಂದೆಯ ಕಡೆಯ ಮತ್ತು ತಾಯಿಯ ಕಡೆಯ ಅಜ್ಜ ಅಜ್ಜಿಯರು ಮಾತ್ರ ಇದರಲ್ಲಿ ಸೇರುತ್ತಾರೆ. ತಂದೆಯ ಚಿಕ್ಕಪ್ಪನ ಮಗನು ಎಷ್ಟೇ ಆತ್ಮೀಯನಾದರೂ ಈ ಪಟ್ಟಿಯಲ್ಲಿಲ್ಲ. ಈ ಒಂದು ಅಂಶವನ್ನು ಆರಂಭದಲ್ಲಿಯೇ ತಿಳಿಸಿದರೆ ಕುಟುಂಬವೊಂದರ ಎಷ್ಟೋ ತಿಂಗಳುಗಳ ಓಡಾಟ ಉಳಿಯುತ್ತದೆ.

ಉದಾಹರಣೆಯ ಅಣ್ಣನು ಮಗುವಿನ ದೊಡ್ಡಪ್ಪನಾದುದರಿಂದ ಅರ್ಹನು. ಅವನ ಮೊದಲ ಅರ್ಜಿ ಯಾಪಲದಿನ್ನಿಯಲ್ಲಿಯೂ ಅಲ್ಲ, ರಾಯಚೂರಿನಲ್ಲಿಯೂ ಅಲ್ಲ. ಅವನು ವಾಸಿಸುವ ದೇಶದಲ್ಲಿ. ಅಲ್ಲಿನ ಅಧಿಕೃತ ವಿದೇಶಿ ದತ್ತು ಸಂಸ್ಥೆಯನ್ನು ಅಥವಾ ಕೇಂದ್ರ ಪ್ರಾಧಿಕಾರವನ್ನು ಅವನು ಸಂಪರ್ಕಿಸಬೇಕು. ಅಮೆರಿಕದಲ್ಲಿ ಅಲ್ಲಿನ ವಿದೇಶಾಂಗ ಇಲಾಖೆಯೇ ಕೇಂದ್ರ ಪ್ರಾಧಿಕಾರ. ಅಂತಹ ಸಂಸ್ಥೆಯಾಗಲಿ ಪ್ರಾಧಿಕಾರವಾಗಲಿ ಇಲ್ಲದ ದೇಶದಲ್ಲಿರುವ ಭಾರತೀಯ ಪೌರರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು.

ಅಲ್ಲಿ ಅವರ ಮನೆ, ಆದಾಯ, ಆರೋಗ್ಯ ಮತ್ತು ನಡತೆಯನ್ನು ಪರಿಶೀಲಿಸಿ ಗೃಹ ಅಧ್ಯಯನ ವರದಿಯನ್ನು ಸಿದ್ಧಪಡಿಸಲಾಗುತ್ತದೆ. ವರದಿ ಮತ್ತು ದಾಖಲೆಗಳು ಜಾಲತಾಣದ ಮೂಲಕ 'ಕಾರಾ'ಕ್ಕೆ ಬರುತ್ತವೆ. ಆಗ 'ಕಾರಾ'ವು ಮಗುವಿನ ಕುಟುಂಬದ ಹಿನ್ನೆಲೆ ವರದಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಕೇಳುತ್ತದೆ. ಘಟಕದವರು ಊರಿಗೆ ಬಂದು ಹೆತ್ತವರನ್ನೂ ಮಗುವನ್ನೂ ಕಂಡು ಮಾತನಾಡುತ್ತಾರೆ. ಹೆತ್ತವರಿಬ್ಬರ ಒಪ್ಪಿಗೆ ಬೇಕು. ಮಗುವಿಗೆ 5 ವರ್ಷ ತುಂಬಿದ್ದರೆ ಅದರ ಒಪ್ಪಿಗೆಯೂ ಬೇಕು. ಹಿರಿಯರ ನಿಶ್ಚಯದಲ್ಲಿ ಮಗುವನ್ನು ಯಾರೂ ಕೇಳದೇ ಇರಬಹುದು, ಕಾನೂನು ಕೇಳುತ್ತದೆ.

ಮಗು ಸೇರಲಿರುವ ದೇಶದ ಒಪ್ಪಿಗೆ ಹಾಗೂ 'ಕಾರಾ'ದ ಪೂರ್ವಾನುಮೋದನೆ ದೊರೆತ ಬಳಿಕ, ಮಗು ವಾಸಿಸುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಸಲ್ಲಿಕೆಯಾಗುತ್ತದೆ. ಆದೇಶವಾದ ನಂತರ 'ಕಾರಾ'ದ ನಿರಾಕ್ಷೇಪಣಾ ಪ್ರಮಾಣಪತ್ರ ದೊರೆಯುತ್ತದೆ. ಎರಡೂ ದೇಶಗಳ ವಲಸೆ ಅಧಿಕಾರಿಗಳಿಗೆ ಸೂಚನೆ ಹೋಗುತ್ತದೆ. ಆ ಬಳಿಕವೇ ಪಾಸ್‌ಪೋರ್ಟ್ ಮತ್ತು ವೀಸಾ. ಈ ಕ್ರಮವನ್ನು ತಿರುವು ಮುರುವು ಮಾಡುವಂತಿಲ್ಲ. ದತ್ತನ್ನು ಮೊದಲು ಮುಗಿಸಿ ಅನುಮತಿಯನ್ನು ಆಮೇಲೆ ಕೇಳಿದರೆ, ಒಡಂಬಡಿಕೆಯ ದೇಶಗಳಲ್ಲಿ ಮಗುವಿನ ಪ್ರವೇಶಕ್ಕೇ ಅಡ್ಡಿಯಾಗುತ್ತದೆ.

ಇದೇ 60ನೆಯ ಪ್ರಕರಣದಲ್ಲಿ ಇನ್ನೊಂದು ಮಾತಿದೆ. ದತ್ತು ಪಡೆದವರು ಮಗುವಿಗೆ ಅದರ ಒಡಹುಟ್ಟಿದವರೊಡನೆ ಮತ್ತು ಹೆತ್ತವರೊಡನೆ ಆಗಾಗ ಸಂಪರ್ಕ ಕಲ್ಪಿಸತಕ್ಕದ್ದು. ಮಗಳನ್ನು ಕೊಟ್ಟರೆ ಮತ್ತೆ ಕಾಣುವುದಿಲ್ಲವೆಂದು ಅಂಜುವ ತಾಯಿಗೆ ಇದನ್ನು ಓದಿ ಹೇಳುವುದು ಉಚಿತ.

ಹಿಂದೂ ದತ್ತಕ ಕಾಯ್ದೆಯ ಪತ್ರ ಸಾಲದೇ?

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಅಡಿಯಲ್ಲಿ ಕೊಡುವ ಮತ್ತು ತೆಗೆದುಕೊಳ್ಳುವ ವಿಧಿ ನಡೆಸಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದತ್ತಕ ಪತ್ರ ನೋಂದಾಯಿಸುವ ಪದ್ಧತಿ ಇಂದಿಗೂ ಊರ್ಜಿತದಲ್ಲಿದೆ. ದೇಶದೊಳಗೆ ವಾಸಿಸುವ ಹಿಂದೂ ಕುಟುಂಬಗಳಿಗೆ, ಆ ಕಾಯ್ದೆಯ ಷರತ್ತುಗಳು ಪೂರೈಸಿದಲ್ಲಿ, ಅದು ಸಿಂಧುವಾದುದೇ. ಆದರೆ ಆ ಪತ್ರವೊಂದನ್ನೇ ಹಿಡಿದು ಮಗುವನ್ನು ಹೊರದೇಶಕ್ಕೆ ಒಯ್ಯಲಾಗದು. ಹೀಗೆ ದತ್ತು ಪಡೆದ ಮಗುವನ್ನು ವಿದೇಶದಲ್ಲಿ ನೆಲೆಗೊಳಿಸಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪರಿಶೀಲನೆ ಮತ್ತು 'ಕಾರಾ'ದ ಪತ್ರ ಅಗತ್ಯ. 2021ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ನಿಯಮಗಳನ್ನು ರೂಪಿಸಲಾಗಿದ್ದು, 2022ರ ದತ್ತು ವಿನಿಯಮಗಳಲ್ಲಿಯೂ ಅವು ಮುಂದುವರಿದಿವೆ. ಬಾಲನ್ಯಾಯ ಕಾಯ್ದೆಯ ದತ್ತು ವ್ಯವಸ್ಥೆಯಲ್ಲಿ ಧರ್ಮಭೇದವಿಲ್ಲ. ಮುಸ್ಲಿಂ, ಕ್ರೈಸ್ತ ಹಾಗೂ ಇತರ ಕುಟುಂಬಗಳೂ ಪೋಷಕತ್ವಕ್ಕಷ್ಟೇ ತೃಪ್ತರಾಗದೆ ಇದರ ಅಡಿಯಲ್ಲಿ ಪೂರ್ಣ ದತ್ತು ಪಡೆಯಬಹುದು.

ಎರಡನೆಯ ಸಂದರ್ಭ: ಆಸರೆಯಿಲ್ಲದ ಮಗು

ಬಂಧುವಲ್ಲದ ಮಗುವನ್ನು ದತ್ತು ಬಯಸುವ ವಿದೇಶವಾಸಿಗಳು ಇಂತಹುದೇ ಮಗು ಬೇಕೆಂದು ಊರಿನಲ್ಲಿ ಹುಡುಕುವಂತಿಲ್ಲ. ಅವರೂ ತಾವಿರುವ ದೇಶದ ಪ್ರಾಧಿಕಾರದ ಮೂಲಕ 'ಕಾರಾ'ದಲ್ಲಿ ನೋಂದಾಯಿಸಿಕೊಂಡು ಸರದಿಯಲ್ಲಿ ಕಾಯಬೇಕು. ಅನಿವಾಸಿ ಭಾರತೀಯರಿಗೆ ದೇಶದೊಳಗಿನ ಭಾರತೀಯರ ಸಮಾನ ಆದ್ಯತೆಯಿದೆ. ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ದೊರೆಯದ ಮಗು ಮಾತ್ರ, ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿತವಾದ 60 ದಿನಗಳ ಬಳಿಕ, ಅಂತರದೇಶೀಯ ದತ್ತಿಗೆ ಅರ್ಹವೆಂಬುದು 59ನೆಯ ಪ್ರಕರಣದ ನಿಯಮ. ಒಂಟಿ ಮಹಿಳೆಯು ಗಂಡು ಅಥವಾ ಹೆಣ್ಣು ಮಗುವನ್ನು ದತ್ತು ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ದತ್ತು ನೀಡಲಾಗದು.

ಪಂಚಾಯಿತಿಯ ಪಾತ್ರ ಇಲ್ಲಿ ದತ್ತಿನ ಕಡೆಯಿಂದಲ್ಲ, ಮಗುವಿನ ಕಡೆಯಿಂದ ಆರಂಭವಾಗುತ್ತದೆ. ಹೊಲದ ಬದುವಿನಲ್ಲಿ, ಬಸ್ ನಿಲ್ದಾಣದಲ್ಲಿ ಅಥವಾ ಗುಡಿಯ ಕಟ್ಟೆಯ ಮೇಲೆ ಮಗು ದೊರೆತರೆ 24 ಗಂಟೆಗಳೊಳಗೆ 1098 ಸಹಾಯವಾಣಿಗೆ, ಸಮೀಪದ ಪೊಲೀಸ್ ಠಾಣೆಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ದೇವರು ಕೊಟ್ಟ ಕೂಸೆಂದು ಮನೆಯಲ್ಲಿಯೇ ಇರಿಸಿಕೊಳ್ಳುವುದು ಕರುಣೆಯಂತೆ ಕಂಡರೂ, ಮಗುವನ್ನು ಹುಡುಕುತ್ತಿರಬಹುದಾದ ತಾಯಿಯಿಂದ ಅದನ್ನು ಮರೆಮಾಡಿದಂತಾಗುತ್ತದೆ.

ಯಾಪಲದಿನ್ನಿಯ ಸುತ್ತಲಿನ ಗ್ರಾಮಗಳು ತೆಲಂಗಾಣದ ಗಡಿಗೆ ಸಮೀಪದಲ್ಲಿವೆ. ಎರಡೂ ಕಡೆಯ ಜನರ ಸಂತೆ, ಸಂಬಂಧ ಮತ್ತು ಭಾಷೆ ಬೆರೆತಿವೆ. ಆದರೆ ಸಮಿತಿಯ ಅಧಿಕಾರ ವ್ಯಾಪ್ತಿಗೆ ಗಡಿಯಿದೆ. ರಾಯಚೂರು ಜಿಲ್ಲೆಯ ನೆಲದಲ್ಲಿ ದೊರೆತ ಮಗುವನ್ನು ರಾಯಚೂರಿನ ಸಮಿತಿಯ ಮುಂದೆ ಹಾಜರುಪಡಿಸಬೇಕು. ಗಡಿಯ ಆಚೆ ದೊರೆತ ಮಗುವನ್ನು ಜೋಗುಳಾಂಬ ಗದ್ವಾಲ ಜಿಲ್ಲೆಯ ಸಮಿತಿಯ ಮುಂದೆ. ಮಗುವಿನ ಮನೆ ಬೇರೆ ಜಿಲ್ಲೆಯಲ್ಲಿದೆಯೆಂದು ತಿಳಿದುಬಂದರೆ ವರ್ಗಾಯಿಸುವ ಕೆಲಸ ಸಮಿತಿಯದು. ಊರಿನವರೇ ಮಗುವನ್ನು ಗಡಿ ದಾಟಿಸುವಂತಿಲ್ಲ.

ಸಮಿತಿಯು ಹೆತ್ತವರನ್ನು ಪತ್ತೆಹಚ್ಚಲು ಪ್ರಕಟಣೆ ಹೊರಡಿಸಿ ವಿಚಾರಣೆ ನಡೆಸುತ್ತದೆ. 2 ವರ್ಷದೊಳಗಿನ ಮಗುವಾದರೆ 2 ತಿಂಗಳೊಳಗೆ, ಅದಕ್ಕಿಂತ ಹಿರಿಯ ಮಗುವಾದರೆ 4 ತಿಂಗಳೊಳಗೆ ತೀರ್ಮಾನಿಸಬೇಕು. ಹೆತ್ತವರೇ ಒಪ್ಪಿಸಲು ಬಯಸಿದಲ್ಲಿ ಸಮಿತಿಯ ಮುಂದೆ ಆಪ್ತಸಮಾಲೋಚನೆ ನಡೆದು, ಪತ್ರಕ್ಕೆ ಸಹಿಯಾದ ಮೇಲೆಯೂ ಮರುಚಿಂತನೆಗೆ 2 ತಿಂಗಳ ಅವಕಾಶವಿದೆ. ತಾಯಿಯ ಗುರುತನ್ನು ಗೋಪ್ಯವಾಗಿ ಇರಿಸಲಾಗುತ್ತದೆ. ಅವಿವಾಹಿತ ತಾಯಿಗೆ ಈ ದಾರಿ ಇದೆಯೆಂದು ಆಶಾ ಕಾರ್ಯಕರ್ತೆಯು ಸಕಾಲದಲ್ಲಿ ತಿಳಿಸಿದರೆ ಮಗುವೊಂದು ಮುಳ್ಳಿನ ಪೊದೆಯ ಪಾಲಾಗುವುದು ತಪ್ಪುತ್ತದೆ.

ಜಿಲ್ಲೆಯ ಮಟ್ಟಿಗೆ ಒಂದು ಎಚ್ಚರಿಕೆ ಅಗತ್ಯ. ದೇವದುರ್ಗ, ಮಾನ್ವಿ ಮುಂತಾದ ಕಡೆಗಳಿಂದ ದುಡಿಮೆಗಾಗಿ ಬೆಂಗಳೂರು, ಹೈದರಾಬಾದ್, ಮುಂಬೈಗಳಿಗೆ ಗುಳೆ ಹೋಗುವ ಕುಟುಂಬಗಳಿವೆ. ಅಜ್ಜಿಯ ಬಳಿ ಬಿಟ್ಟುಹೋದ ಮಗು ಪರಿತ್ಯಕ್ತ ಮಗುವಲ್ಲ. ಬಡತನವು ಮಗುವನ್ನು ದತ್ತಿಗೆ ಮುಕ್ತಗೊಳಿಸುವುದಿಲ್ಲ. ತಂದೆತಾಯಿ ಎಲ್ಲಿ ದುಡಿಯುತ್ತಿದ್ದಾರೆ, ಯಾವಾಗ ಮರಳುತ್ತಾರೆ ಎಂಬುದು ಅಂಗನವಾಡಿಯ ದಾಖಲೆಯಲ್ಲಿಯೋ ನೆರೆಮನೆಯವರ ಬಾಯಲ್ಲಿಯೋ ಇರುತ್ತದೆ. ವಿಚಾರಣೆಯ ಸಮಯದಲ್ಲಿ ಪಂಚಾಯಿತಿಯು ನೀಡುವ ಈ ಒಂದು ಮಾಹಿತಿಯು ಮಗುವನ್ನು ತನ್ನ ಮನೆಯಲ್ಲಿಯೇ ಉಳಿಸಬಲ್ಲದು.

ಮೂರನೆಯ ಸಂದರ್ಭ: ವಿದೇಶದ ಮಗು, ಭಾರತದ ಪೋಷಕರು

ಇದು ಅಪರೂಪ. ಜಿಲ್ಲೆಯಲ್ಲಿ ವಾಸಿಸುವ ದಂಪತಿಗಳು ಹೊರದೇಶದ ಪೌರನಾದ ಮಗುವನ್ನು ದತ್ತು ಪಡೆಯಬಯಸಬಹುದು. ವಿದೇಶದಲ್ಲಿ ತೀರಿಕೊಂಡ ತಂಗಿಯ ಮಗುವು ಅಂತಹ ಒಂದು ಸಂದರ್ಭ. ಆಗ ಮಗು ಇರುವ ದೇಶದ ಕಾನೂನೇ ಮೊದಲು. ಅಲ್ಲಿನ ಪ್ರಾಧಿಕಾರವು ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿಯನ್ನು 'ಕಾರಾ'ಕ್ಕೆ ಕಳುಹಿಸುತ್ತದೆ. ಇಲ್ಲಿ ದಂಪತಿಗಳ ಗೃಹ ಅಧ್ಯಯನವನ್ನು ವಿಶೇಷ ದತ್ತು ಸಂಸ್ಥೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ನಡೆಸುತ್ತದೆ. ಒಡಂಬಡಿಕೆಯ ಪ್ರಕಾರದ ಅನುಮೋದನೆಯನ್ನು 'ಕಾರಾ' ನೀಡುತ್ತದೆ. ವಿದೇಶಿ ಪಾಸ್‌ಪೋರ್ಟ್ ಹೊಂದಿದ ಮಗುವಿಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ವೀಸಾ ಪಡೆಯಬೇಕು. ದತ್ತು ಆದೇಶವೇ ಪೌರತ್ವವಲ್ಲ. ಅದಕ್ಕೆ ಬೇರೆ ಅರ್ಜಿಯಿದೆ.

ತಪ್ಪು ದಾರಿಯ ಪರಿಣಾಮ

ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಲ್ಪಟ್ಟ ಮಗುವನ್ನು ನಿಯಮ ಮೀರಿ ದತ್ತು ನೀಡುವುದಕ್ಕೂ ಪಡೆಯುವುದಕ್ಕೂ 80ನೆಯ ಪ್ರಕರಣದ ಅಡಿ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಾನ್ಯ ಆದೇಶವಿಲ್ಲದೆ ಮಗುವನ್ನು ಹೊರದೇಶದವರ ವಶಕ್ಕೆ ಕಳುಹಿಸುವುದಕ್ಕೂ ಇದೇ ಶಿಕ್ಷೆ. ಮಗುವಿನ ಮಾರಾಟ ಮತ್ತು ಖರೀದಿಗೆ 5 ವರ್ಷಗಳವರೆಗೆ ಕಠಿಣ ಸೆರೆವಾಸವಿದೆ. ಮಗುವಿನ ಹೊಣೆ ಹೊತ್ತ ಆಸ್ಪತ್ರೆಯ ಸಿಬ್ಬಂದಿಯಂತಹವರೇ ಎಸಗಿದರೆ 3ರಿಂದ 7 ವರ್ಷ. ದತ್ತಿಗೆ ವಿಧಿಸಿರುವ ಶುಲ್ಕವನ್ನು ಬಿಟ್ಟು ಬೇರೆ ಹಣವನ್ನು ಯಾರಾದರೂ ಕೇಳಿದರೆ, ಅದನ್ನು ಮಧ್ಯವರ್ತಿಯ ವ್ಯವಹಾರವೆಂದು ಶಂಕಿಸಿ ರಕ್ಷಣಾ ಘಟಕಕ್ಕೆ ತಿಳಿಸಬೇಕು.

ಗ್ರಾಮ ಪಂಚಾಯಿತಿಯು ಮಾಡಬೇಕಾದುದು

1. ದತ್ತು ಒಪ್ಪಂದವೆಂದು ಬರೆದ ಛಾಪಾ ಕಾಗದಕ್ಕೆ ಮೊಹರು ಹಾಕದೆ, ಅರ್ಜಿದಾರರನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳುಹಿಸುವುದು.

2. ಬಂಧು ದತ್ತಿನ ಪ್ರಕರಣಗಳಲ್ಲಿ ಮಗುವಿನ ಜನನ ಪ್ರಮಾಣಪತ್ರ, ವಂಶಾವಳಿ, ಶಾಲಾ ದಾಖಲೆಗಳಲ್ಲಿನ ಹೆಸರು ಮತ್ತು ದಿನಾಂಕಗಳು ಒಂದಕ್ಕೊಂದು ಹೊಂದುವಂತೆ ಆರಂಭದಲ್ಲಿಯೇ ನೋಡಿಕೊಳ್ಳಲು ಕುಟುಂಬಕ್ಕೆ ತಿಳಿಸುವುದು.

3. ರಕ್ಷಣಾ ಘಟಕದವರು ಮನೆ ಭೇಟಿಗೆ ಬಂದಾಗ ಸತ್ಯ ಮಾಹಿತಿ ನೀಡುವುದು. ಒಪ್ಪಿಗೆಗಾಗಿ ತಾಯಿಯ ಮೇಲೆ ಒತ್ತಡವಿರುವುದು ಕಂಡರೆ ಅದನ್ನೂ ತಿಳಿಸುವುದು.

4. ಮಕ್ಕಳ ಹಕ್ಕುಗಳ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡುವುದು ಮತ್ತು 1098 ಸಂಖ್ಯೆಯನ್ನು ಪಂಚಾಯಿತಿ, ಶಾಲೆ, ಅಂಗನವಾಡಿಗಳ ಗೋಡೆಯ ಮೇಲೆ ಬರೆಸುವುದು.

5. ಮಗು ದೊರೆತ ಪ್ರಕರಣದಲ್ಲಿ ಸ್ಥಳ, ದಿನ, ಹೊತ್ತು, ಮೊದಲು ಕಂಡವರು, ಮಗುವಿನ ಮೈಮೇಲಿದ್ದ ಬಟ್ಟೆ ಹಾಗೂ ಇತರ ಗುರುತುಗಳನ್ನು ಅಂದೇ ಬರೆದು ಪೊಲೀಸರಿಗೆ ಮತ್ತು ಸಮಿತಿಗೆ ಒಪ್ಪಿಸುವುದು. ಮಗುವಿನ ಭಾವಚಿತ್ರವನ್ನು ಮೊಬೈಲ್ ಗುಂಪುಗಳಲ್ಲಿ ಹಂಚದಿರುವುದು.

ಕೊನೆಯ ಅಂಶಕ್ಕೆ ವಿಶೇಷ ಕಾರಣವಿದೆ. ದತ್ತು ಹೋದವರಿಗೆ ದೊಡ್ಡವರಾದ ಮೇಲೆ ತಮ್ಮ ಮೂಲವನ್ನು ಅರಸಲು ದತ್ತು ವಿನಿಯಮಗಳು ಅವಕಾಶ ನೀಡುತ್ತವೆ. ಹೆತ್ತವರು ಗೋಪ್ಯತೆ ಬಯಸಿದ್ದರೆ ಅವರ ಹೆಸರು ದೊರೆಯದೇ ಹೋಗಬಹುದು. ಪರಿತ್ಯಕ್ತ ಮಗುವಿನ ಹೆತ್ತವರ ಹೆಸರು ಯಾರಿಗೂ ತಿಳಿಯದೇ ಇರಬಹುದು. ಆಗ ಕಡತದಲ್ಲಿ ಉಳಿದಿರುವುದು ಊರಿನವರು ಅಂದು ಬರೆದುಕೊಟ್ಟ ನಾಲ್ಕು ಸಾಲು ಮಾತ್ರ. ದೂರದ ದೇಶದಲ್ಲಿ ಬೆಳೆದ ಮಗಳೊಬ್ಬಳು ಮುಂದೊಂದು ದಿನ ಆ ಕಡತ ತೆರೆದಾಗ, ತಾನು ಯಾವ ಊರಿನ ಯಾವ ಮರದಡಿ ದೊರೆತೆನೆಂಬುದು ಅವಳಿಗೆ ತಿಳಿಯುವಂತೆ ಆ ಸಾಲುಗಳನ್ನು ಸ್ಪಷ್ಟವಾಗಿ ಬರೆದಿರಬೇಕು.